ಪೊಲೀಸರಿಗೆ ನಾನು ಓದಿ ಹೇಳದ ಕನ್ನಡ

ಸುನೀತಾ, ಆ ಹುಡುಗನ ಫೋನಿನಲ್ಲಿದ್ದ ಕನ್ನಡವನ್ನು ಪೊಲೀಸರಿಗೆ ಓದಿ ಹೇಳಿದವಳು ನಾನು. ಇಷ್ಟು ನಿನಗೆ ಗೊತ್ತು. ನಾನು ಎಲ್ಲವನ್ನೂ ಓದಲಿಲ್ಲ ಎಂಬುದು ಗೊತ್ತಿಲ್ಲ. ಓದದೆ ಬಿಟ್ಟದ್ದರಲ್ಲಿ ಒಂದು ಮಾತು ನನ್ನದೇ ಆಗಿತ್ತು — ನಾನೇ ಅವನಿಗೆ ಬರೆದದ್ದು. ಅವನು ಸದಾ ನೋಡುತ್ತಿದ್ದ ಆ ಕನ್ನಡ ಚಾನೆಲ್ ಯಾರದು ಅಕ್ಕ ಎಂದು ನೀನು ಕೇಳಿದಾಗ, ಇಂಥವು ಬೇಕಾದಷ್ಟಿವೆ, ಯಾರದೋ ಏನೋ ಎಂದೆ. ಅದು ನನ್ನದು.

ಇದನ್ನು ಫೋನಿನಲ್ಲಾದರೂ ಹೇಳಬಹುದಿತ್ತು. ಬಾಯಿಯನ್ನೇ ನಂಬಿ ಬದುಕಿದವಳಿಗೆ ಬಾಯಿ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ — ನನ್ನ ದನಿಯ ಮೇಲೆ ನನಗೆ ನಂಬಿಕೆ ಹೋಗಿದೆ. ಮಾತಾಡಲು ಕೂತರೆ ಅದು ತಾನಾಗಿ ಏರುತ್ತದೆ, ಇಳಿಯುತ್ತದೆ. ಎಲ್ಲಿ ನಿಲ್ಲಿಸಿದರೆ ಕೇಳುವವರು ಉಸಿರು ಹಿಡಿಯುತ್ತಾರೆ ಎಂದು ಅದಕ್ಕೆ ಗೊತ್ತು. ಆ ದನಿಯಲ್ಲಿ ಇದನ್ನು ನೀನು ಕೇಳುವುದು ಬೇಡ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ನಿನಗೆ ಗೊತ್ತಿರುವುದು ಕಡಿಮೆ. ಹೆಸರು ಸಮೀನಾ, ಊರು ಹುಬ್ಬಳ್ಳಿ, ಗಂಡ ಇರ್ಫಾನ್ ಪೆನಾಂಗ್‌ನ ಬಯಾನ್ ಲೆಪಾಸ್‌ನಲ್ಲಿ ಚಿಪ್ ಕಾರ್ಖಾನೆಯ ಎಂಜಿನಿಯರ್, ಒಬ್ಬಳು ಮಗಳು — ಇಷ್ಟೇ. ಮದುವೆಗೆ ಮುಂಚೆ ನಾನು ರೇಡಿಯೋದಲ್ಲಿದ್ದೆ. ಮಧ್ಯಾಹ್ನದ ಕೋರಿಕೆಯ ಹಾಡುಗಳು ನನ್ನ ಪಾಲು. ಹಾಡಿಗಿಂತ ಮುಂಚೆ ಕೋರಿದವರ ಹೆಸರು ಓದಬೇಕು — ಗದಗಿನಿಂದ ಇಂಥವರು, ನವಲಗುಂದದಿಂದ ಇಂಥವರು, ಅವರ ಮನೆಮಂದಿಯೆಲ್ಲ. ಜನ ಹಾಡಿಗಲ್ಲ, ಆ ಹೆಸರಿಗೆ ಕಾಯುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ನಮ್ಮ ನಿಲಯಕ್ಕೇ ಬಂದು, “ನನ್ನ ಹೆಸರು ಓದಿದ್ರಿ ಬಾಯಿ, ನಮ್ಮ ಓಣ್ಯಾಗಿನ ಮಂದಿಯೆಲ್ಲಾ ಕೇಳ್ಯಾರ” ಎಂದು ಪೇಡೆಯ ಪೊಟ್ಟಣ ಕೈಗಿಟ್ಟು ಹೋಗಿದ್ದಳು. ತನ್ನ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ಹಸಿವು ಎಂಥದು ಎಂದು ತಿಳಿದವಳು ನಾನು. ತಿಳಿಯದೆ ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

ಮಲೇಷ್ಯಾಕ್ಕೆ ಬಂದ ಮೇಲೆ ನಾನು ಗಂಡನ ವೀಸಾದ ಬಾಲ. ಕೆಲಸ ಮಾಡುವಂತಿಲ್ಲ. ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮನೆಯಲ್ಲಿ ಇರ್ಫಾನ್ ಜೊತೆ ಉರ್ದು. ಜಗಳವಾದರೆ ಮಾತ್ರ ಇಬ್ಬರಿಗೂ ಹುಬ್ಬಳ್ಳಿ ಕನ್ನಡ ಬರುತ್ತದೆ. ಹಾಗಾಗಿ ಕನ್ನಡ ಬೇಕೆನಿಸಿದಾಗ ಜಗಳ ತೆಗೆಯುತ್ತೇನೆ ಎಂದು ಅವರು ಚೇಷ್ಟೆ ಮಾಡುತ್ತಿದ್ದರು. ಕೋವಿಡ್ ಬಂತು, ಇಲ್ಲಿನವರು ಎಂಸಿಒ ಎಂದು ಕರೆಯುತ್ತಿದ್ದ ಲಾಕ್‌ಡೌನ್ ಬಂತು, ಜಿಲ್ಲೆಯಿಂದ ಜಿಲ್ಲೆಗೆ ದಾಟಬಾರದೆಂದು ರಸ್ತೆಗಳಿಗೆ ಪೊಲೀಸ್ ತಡೆ ಬಂತು. ಕಪಾಟಿನೊಳಗೆ ಬಟ್ಟೆಗಳ ನಡುವೆ ತಲೆಯಿಟ್ಟು — ಅಲ್ಲಿ ಸದ್ದು ಪ್ರತಿಧ್ವನಿಸುವುದಿಲ್ಲ — ನಾನು ಅಪರಾಧದ ಕಥೆಗಳನ್ನು ಧ್ವನಿಮುದ್ರಿಸಿ ಚಾನೆಲ್‌ಗೆ ಹಾಕತೊಡಗಿದೆ. ಮುಖ ತೋರಿಸಲಿಲ್ಲ, ಹೆಸರು ಹೇಳಲಿಲ್ಲ. ಮಾತಿನ ದನಿಯನ್ನು ಎಷ್ಟು ತಗ್ಗಿಸಿಕೊಂಡಿದ್ದೆನೆಂದರೆ ನನ್ನ ತಂಗಿಯೇ ಗುರುತು ಹಿಡಿಯಲಿಲ್ಲ. ನೋಡುಗರು ಅಕ್ಕಾ ಎನ್ನುತ್ತಿದ್ದರು. ಕೆಲವೇ ತಿಂಗಳಲ್ಲಿ, ಊರಿನ ಟೀವಿಯವರೂ ಹುಬ್ಬೇರಿಸುವಷ್ಟು ಜನ ಸೇರಿದರು.

ಆಗ ಒಂದು ದೂರದ ದೇಶದಲ್ಲಿ, ಬಂದೂಕು ಅಂಗಡಿಯಲ್ಲಿ ಸಲೀಸಾಗಿ ಸಿಗುವ ದೇಶದಲ್ಲಿ, ಒಬ್ಬ ಯುವಕ ದಿನಸಿ ಅಂಗಡಿಗೆ ನುಗ್ಗಿ ಕಂಡಕಂಡವರಿಗೆ ಗುಂಡು ಹಾರಿಸಿದ. ಹಿಂಬಾಗಿಲಿಗೆ ಮೊದಲೇ ಸರಪಳಿ ಬಿಗಿದು ಬೀಗ ಹಾಕಿದ್ದ. ಓಡಿದವರು ಆ ಬಾಗಿಲ ಹತ್ತಿರವೇ ಒಬ್ಬರ ಮೇಲೊಬ್ಬರು ಬಿದ್ದು ಸತ್ತರು. ಇಂಥ ಸುದ್ದಿಯನ್ನು ಹೇಗೆ ಹೇಳಬೇಕೆಂದು ರೇಡಿಯೋದ ಹಿರಿಯರು ನನಗೆ ಕಲಿಸಿದ್ದರು — ಕೊಂದವನನ್ನು ಹಿಂದಕ್ಕೆ ತಳ್ಳು, ಸತ್ತವರನ್ನು ಮುಂದಕ್ಕೆ ತಾ, ಹೇಗೆ ಮಾಡಿದನೆಂಬುದನ್ನು ಪಾಠ ಹೇಳಿದಂತೆ ಹೇಳಬೇಡ, ಇದನ್ನು ಕೇಳಿ ಕಲಿಯುವವನೂ ಒಬ್ಬ ಎಲ್ಲೋ ಕೂತಿರುತ್ತಾನೆ. ಚೆನ್ನಾಗಿ ನೆನಪಿತ್ತು. ನಾನು ಮಾಡಿದ್ದು ತದ್ವಿರುದ್ಧ. ಅವನ ಬೆನ್ನ ಹಿಂದೆಯೇ ನಡೆಯುವ ಹಾಗೆ ಕಥೆ ಹೇಳಿದೆ. ಈಗ ಬೀಗ ಒತ್ತುತ್ತಾನೆ. ಈಗ ಎಡಕ್ಕೆ ತಿರುಗುತ್ತಾನೆ. ಈಗ ಹಾಲಿನ ಡಬ್ಬಿ ಹಿಡಿದ ಮುದುಕಿ ಅವನನ್ನು ನೋಡಿ ನಗುತ್ತಾಳೆ, ಇನ್ನೂ ಗೊತ್ತಿಲ್ಲ ಅವಳಿಗೆ — ಇಲ್ಲಿ ನಿಲ್ಲಿಸಿ ಒಂದು ಉಸಿರು. ನಮ್ಮ ಮನೆಯ ಬೀಗವನ್ನೇ ತಂದು ಮೈಕಿಗೆ ಹತ್ತಿರವಿಟ್ಟು ‘ಟಕ್’ ಎಂಬ ಸದ್ದನ್ನು ಹಿಡಿದಿದ್ದೆ. ಆ ಸದ್ದಿಗೆ ಎಷ್ಟು ಹೊಗಳಿಕೆ ಬಂತು! ಅವನ ಹೆಸರನ್ನು ಪೂರ್ತಿಯಾಗಿ, ಅಕ್ಷರ ಅಕ್ಷರ ಬಿಡಿಸಿ, ಮತ್ತೆ ಮತ್ತೆ ಹೇಳಿದೆ. ಮುದುಕಿಯ ಹೆಸರು ಹೇಳಲಿಲ್ಲ. ಉಚ್ಚರಿಸಲು ಕಷ್ಟವಿತ್ತು.

ಇರ್ಫಾನ್ ಅದನ್ನು ಕೇಳಿ ಅಡುಗೆಮನೆಗೆ ಬಂದರು. “ಏನ ಇದು ಸಮೀನಾ, ಕೊಂದಾಂವನ ಹೆಸರಿಂದ ಜಪಾ ಮಾಡಾಕತ್ತೀಯಲ್ಲ? ಸತ್ತವರಿಗೆ ಹೆಸರ ಇರಲಿಲ್ಲೇನು?” ಕನ್ನಡದಲ್ಲಿ ಬಂದಿತ್ತು, ಅಂದರೆ ಜಗಳ. ನಿಮಗೇನು ತಿಳಿಯುತ್ತದೆ, ಚಿಪ್ ನೋಡಿಕೊಳ್ಳಿ ಎಂದೆ. ಮಗಳು ತಟ್ಟೆಯಿಂದ ತಲೆ ಎತ್ತದೆ, “ಮಮ್ಮಿ, ಯೂ ಸೌಂಡ್ ಲೈಕ್ ಯೂ ಲೈಕ್ ಹಿಮ್, ಲಾ” ಎಂದಳು. ಅವಳಿಗೆ ಬೈದೆ. ಮಕ್ಕಳ ಬಾಯಲ್ಲಿ ಬಂದದ್ದು ಸುಳ್ಳಾಗುವುದಿಲ್ಲ ಎನ್ನುತ್ತಾರೆ. ಅವನು ನನಗೆ ಇಷ್ಟವಾಗಿದ್ದ ಎಂದಲ್ಲ — ಇಲ್ಲ, ತಡೆ, ಒಂದು ಬಗೆಯಲ್ಲಿ ಆಗಿದ್ದ. ನನ್ನ ಕಥೆಗೆ ಬೇಕಾದದ್ದನ್ನೆಲ್ಲ ಕೊಟ್ಟಿದ್ದ.

ಆ ವಿಡಿಯೋದ ಕೆಳಗೆ ಆ ಹುಡುಗ ಮೊದಲ ಸಲ ಬರೆದ. ನಿಮ್ಮ ಮಹಡಿಯ ಕೊನೆಯ ಮನೆಯಲ್ಲಿದ್ದ ಹುಡುಗ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದಷ್ಟು ಸಲ ಹೇಳಿಯಾಗಿದೆ. ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವಾಗ ಅವನು ಕನ್ನಡ ಲಿಪಿಯಲ್ಲೇ, ಒತ್ತಕ್ಷರ ತಪ್ಪದೆ ಬರೆದಿದ್ದ: ನಾನು ಪುಚೊಂಗ್‌ನಲ್ಲಿ ಓದುತ್ತಿದ್ದೇನೆ, ಕಾಲೇಜು ಮುಚ್ಚಿದೆ, ಜೊತೆಗಿದ್ದವರೆಲ್ಲ ಊರಿಗೆ ಹೋದರು, ವಿಮಾನ ನಿಂತದ್ದರಿಂದ ನಾನೊಬ್ಬನೇ ಉಳಿದೆ, ದಿನಕ್ಕೆ ಒಂದು ಮಾತನ್ನೂ ಆಡುವುದಿಲ್ಲ, ನಿಮ್ಮ ದನಿ ಕೇಳುತ್ತೇನೆ. ಮಲೇಷ್ಯಾದಲ್ಲಿ ಒಬ್ಬ ಅಚ್ಚ ಕನ್ನಡದ ಹುಡುಗ! ನಾನು ಉಬ್ಬಿಹೋದೆ. ರೇಡಿಯೋದ ಹಳೆಯ ಪದ್ಧತಿಯನ್ನು ಚಾನೆಲ್‌ನಲ್ಲೂ ಶುರುಮಾಡಿದ್ದೆ — ಪ್ರತಿ ವಿಡಿಯೋದ ಮೊದಲಿಗೆ ಒಬ್ಬ ನೋಡುಗನ ಹೆಸರು. ಮುಂದಿನ ಸಲ ಅವನ ಹೆಸರು ಓದಿದೆ. “ಪುಚೊಂಗ್‌ನಿಂದ ನಮ್ಮ ತಮ್ಮ…” ಎಂದೆ. ಅವನು ಅದನ್ನು ಎಷ್ಟು ಸಲ ಕೇಳಿದನೋ. ಆಮೇಲೆ ಅವನ ಹೆಸರಿಗೂ ಕೊಂದವನ ಹೆಸರಿಗೂ ಒಂದೇ ನಿಮಿಷದ ಅಂತರ, ಒಂದೇ ದನಿ.

ಅವನು ಕೇಳುತ್ತಿದ್ದ ಪ್ರಶ್ನೆಗಳು ಬದಲಾದವು. ಆ ಕೊಲೆಗಾರನ ಜಾಕೆಟ್ ಯಾವುದು, ಮೊದಲು ಯಾರನ್ನು ಕೊಂದ, ಕೊಂದ ಮೇಲೆ ಏನು ಹೇಳಿದ. ನಾನು ಉತ್ತರಿಸುತ್ತಿದ್ದೆ. ಪ್ರಶ್ನೆ-ಉತ್ತರ ಬೆಳೆದಷ್ಟೂ ವಿಡಿಯೋ ಹೆಚ್ಚು ಜನಕ್ಕೆ ಕಾಣಿಸುತ್ತದೆ, ಅದು ನಮ್ಮ ಕಸುಬಿನ ಮಾತು. ಒಂದು ದಿನ ಅವನು ಬರೆದ: “ಅಕ್ಕಾ, ಇಲ್ಲೇ ಮಲೇಷ್ಯಾದಲ್ಲಿ ನಮ್ಮವನೇ ಒಬ್ಬ ಹೀಗೆ ಮಾಡಿದರೆ ಅವನಿಗೂ ಇಷ್ಟು ಉದ್ದದ ವಿಡಿಯೋ ಮಾಡ್ತೀರಾ?”

ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಕೈ ಒರೆಸಿಕೊಂಡು ಬರೆದೆ: “ಮಾಡಿ ತೋರಿಸು ತಮ್ಮಾ, ನಿನಗೆ ಎರಡು ಎಪಿಸೋಡ್!” ಕೊನೆಗೊಂದು ನಗುವ ಮುಖ. ಆಮೇಲೆ ಆ ಮಾತನ್ನು ಎಲ್ಲರಿಗೂ ಮೇಲೆಯೇ ಕಾಣುವಂತೆ ಸಿಕ್ಕಿಸಿದೆ. ತುಂಬ ಜನ ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಜ್ಜಿ ಹೇಳುತ್ತಿದ್ದಳು. ಈ ಮಾತು ಹೋಗಲೂ ಇಲ್ಲ, ಅವನ ಹತ್ತಿರ ಉಳಿದುಕೊಂಡಿತು. ಅದರ ನಂತರ ಅವನು ಏನೂ ಬರೆಯಲಿಲ್ಲ.

ಇನ್ನು ಆ ಸಂಜೆ. ಅದನ್ನು ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಬರೆಯುತ್ತೇನೆ, ಯಾಕೆಂದರೆ ಒಮ್ಮೆ ನಾನು ಅದನ್ನು ಬೇರೆ ಬಗೆಯಲ್ಲಿ ಹೇಳಿದ್ದೇನೆ. ಈ ಸಲ ಅವನ ಬೆನ್ನ ಹಿಂದೆ ನಡೆಯುವುದಿಲ್ಲ.

ಕೆಳಗಿನ ಮನೆಯ ಪರಮೇಶ್ವರಿ ಆಂಟಿ ಕೆಲಸ ಕಳೆದುಕೊಂಡಿದ್ದರಿಂದ ಅಡುಗೆ ಮಾಡಿ, ಇಲ್ಲಿನವರು ತಪಾವ್ ಎನ್ನುವ ಊಟದ ಪೊಟ್ಟಣ ಕಟ್ಟಿ ಮನೆಮನೆಗೆ ಕೊಡುತ್ತಿದ್ದರು — ಅನ್ನ, ಸಾಂಬಾರು, ಒಂದು ಪಲ್ಯ. ನಿನ್ನ ಗಂಡ ಮಂಜುನಾಥ ಪೊಟ್ಟಣ ತೆಗೆದುಕೊಳ್ಳಲು ಮೊಗಸಾಲೆಗೆ ಹೋದ. ಅಲ್ಲಿನ ಎಲ್ಲ ಮನೆಗಳ ಹಾಗೆ ನಿಮ್ಮ ಬಾಗಿಲಿಗೂ ಕಬ್ಬಿಣದ ಗ್ರಿಲ್ಲು. ಕಳ್ಳರ ಭಯಕ್ಕೆ ನೀನು ಒಳಗಿನಿಂದ ಬೀಗ ಹಾಕಿಕೊಂಡೆ, ದಿನಾ ಹಾಕುವ ಹಾಗೆ. ಮೆಟ್ಟಿಲಿನ ಬಾಯಲ್ಲಿರುವ ದೊಡ್ಡ ಗ್ರಿಲ್ಲಿಗೆ ಯಾರೂ ಬೀಗ ಹಾಕುತ್ತಿರಲಿಲ್ಲ. ಅಂದು ಅದಕ್ಕೆ ಹೊಸ ಬೀಗ ಬಿದ್ದಿತ್ತು.

ಆ ಹುಡುಗನ ಕೈಯಲ್ಲಿದ್ದದ್ದು ಪರಂಗ್, ಇಲ್ಲಿನವರು ತೋಟಗಳಲ್ಲಿ ಬಳಸುವ ಉದ್ದನೆಯ ಮಚ್ಚು. ಮೊದಲ ಏಟು ಪರಮೇಶ್ವರಿ ಆಂಟಿಯ ಕುತ್ತಿಗೆಗೆ. ಅವರಿಗೆ ಕೂಗಲೂ ಆಗಲಿಲ್ಲ. ಪೊಟ್ಟಣಗಳೆಲ್ಲ ಒಡೆದು ಸಾಂಬಾರೂ ರಕ್ತವೂ ಒಂದಾಗಿ ಹರಿದವು, ಬಹಳ ದಿನ ಸಾಂಬಾರು ಮಾಡಲಾಗಲಿಲ್ಲ ಅಕ್ಕ ಎಂದಿದ್ದೆ ನೀನು. ಸದ್ದು ಕೇಳಿ ಓಡಿಬಂದ ನೇಪಾಳಿ ಕಾವಲುಗಾರ ದಿಲ್‌ಬಹಾದ್ದೂರ್ ಮೆಟ್ಟಿಲ ಗ್ರಿಲ್ಲಿನ ಸಂದಿಯಲ್ಲಿ ಕೈಹಾಕಿ ಬೀಗ ಎಳೆದ. ಆ ಕೈಯ ಬೆರಳುಗಳ ಮೇಲೆ ಬಿತ್ತು ಏಟು. ಬೆರಳುಗಳು ಈಚೆ ಬಿದ್ದವು, ಅವನು ಆಚೆ. ಮಂಜುನಾಥ ಮನೆಯ ಕಡೆಗೆ ಓಡಿದ. ನೀನು ಬೀಗದ ಕೈ ಹಿಡಿದು ಗ್ರಿಲ್ಲಿನ ಒಳಗೆ ನಿಂತಿದ್ದೆ. ಅದು ತೂತಿಗೆ ಸೇರುತ್ತಿರಲಿಲ್ಲ, ಸೇರಿತು, ಇನ್ನೇನು ತಿರುಗಿಸಬೇಕು — ಮಂಜುನಾಥ ಹಿಂದೆ ನೋಡಿದ, ಹುಡುಗ ಎಷ್ಟು ಹತ್ತಿರ ಬಂದಿದ್ದಾನೆಂದು ನೋಡಿದ, ನಿನಗೆ ಹೇಳಿದ: “ತೆಗೀಬ್ಯಾಡ ಸುನೀ.” ಗ್ರಿಲ್ಲಿಗೆ ಬೆನ್ನುಕೊಟ್ಟು ಎರಡೂ ಕೈ ಚಾಚಿ ನಿಂತ. ಹೊಟ್ಟೆಗೆ, ಎದೆಗೆ, ಮುಖಕ್ಕೆ ಬಿತ್ತು. ಅವನ ರಕ್ತ ಸರಳುಗಳ ನಡುವಿನಿಂದ ನಿನ್ನ ನೈಟಿಯ ಮೇಲೆ ಬಂತು. ನೀನು ಒಳಗಿನಿಂದ ಅವನ ಅಂಗಿ ಹಿಡಿದುಕೊಂಡೇ ಇದ್ದೆ. ಕೆಳಗಿನವರು ಬೀಗ ಒಡೆದು ಮೇಲೆ ಬರುವವರೆಗೂ ಬಿಟ್ಟಿರಲಿಲ್ಲ.

ಹುಡುಗ ಆಮೇಲೆ ಮಚ್ಚು ಬದಿಗಿಟ್ಟು ನೆಲದ ಮೇಲೆ ಕೂತಿದ್ದನಂತೆ. ನನ್ನ ವಿಡಿಯೋದ ಕೊಲೆಗಾರನೂ ಹಾಗೆಯೇ ಕೂತಿದ್ದ. ಪುಚೊಂಗ್‌ನ ಸುಡುವ ಸೆಕೆಯಲ್ಲಿ ಅವನು ಕಪ್ಪು ಜಾಕೆಟ್ ಹಾಕಿದ್ದ.

ಮಲೇಷ್ಯಾದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿದರು — ಸಮೀನಾ ರೇಡಿಯೋದವರು, ಸಮಾಧಾನ ಹೇಳಲು ಅವರೇ ಸರಿ. ಪೆನಾಂಗ್‌ನಿಂದ ನೀನಿದ್ದ ಪುಚೊಂಗ್‌ಗೆ ಬರುವಂತಿರಲಿಲ್ಲ, ಹಾಗಾಗಿ ಫೋನ್. ನಿನ್ನ ತವರು ದಾವಣಗೆರೆಗೆ ನೀನು ಹೋಗುವಂತಿಲ್ಲ, ಅಲ್ಲಿಂದ ಯಾರೂ ಬರುವಂತಿಲ್ಲ. ನಿನಗೆ ಸಿಕ್ಕವಳು ನಾನು. ಎಲ್ಲವನ್ನೂ ಹೇಳಿದೆ ನೀನು, ಅತ್ತು ಅತ್ತು ಹೇಳಿದೆ. ನಾನೂ ಅತ್ತೆ, ಆ ಅಳು ಸುಳ್ಳಲ್ಲ. ಆದರೆ ‘ತೆಗೀಬ್ಯಾಡ ಸುನೀ’ ಎಂದು ನೀನು ಹೇಳಿದಾಗ ನನ್ನೊಳಗಿನ ಒಬ್ಬಳು ತಣ್ಣಗೆ ಅಂದುಕೊಂಡಳು — ಮೊದಲ ಭಾಗ ಇಲ್ಲಿಗೆ ನಿಲ್ಲಬೇಕು. ಇದನ್ನು ಬರೆಯುವುದೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಬರೆದೆ.

ಹುಡುಗನ ಹೆಸರನ್ನು ನೀನು ಹೇಳಿದಾಗ ಅವನು ಯಾರೆಂದು ನನಗೆ ಗೊತ್ತಾಯಿತು. ಫೋನಿಟ್ಟ ತಕ್ಷಣ ಮಾಡಿದ ಮೊದಲ ಕೆಲಸ, ನಾನು ಸಿಕ್ಕಿಸಿದ್ದ ಆ ಮಾತನ್ನು ಅಳಿಸಿದ್ದು. ಅವನ ಹೆಸರು ಓದಿದ ವಿಡಿಯೋಗಳಿಂದ ಆ ತುಂಡನ್ನು ಕತ್ತರಿಸಿದ್ದು. ಅಲ್ಲಾಹನ ಹೆಸರು ಹೇಳಿಕೊಂಡೇ ಅಳಿಸಿದೆ.

ಎರಡು ದಿನ ಕಳೆದು ಪೊಲೀಸ್ ಅಧಿಕಾರಿಯ ಕರೆ. ತಮಿಳು ಮಾತಾಡುವ, ನಿಧಾನದ ಮನುಷ್ಯ. ಹುಡುಗನ ಫೋನಿನಲ್ಲಿ ಯಾವುದೋ ಲಿಪಿಯ ಚಿತ್ರಗಳಿವೆ, ಮೊದಲು ತೆಲುಗು ಎಂದುಕೊಂಡೆವು, ಕನ್ನಡವಂತೆ, ನಮ್ಮಲ್ಲಿ ಓದುವವರಿಲ್ಲ. ನಿಮ್ಮ ಗುಂಪಿನವರು ನಿಮ್ಮ ಹೆಸರು ಕೊಟ್ಟರು, ಸಹಾಯ ಮಾಡುತ್ತೀರಾ ಎಂದರು. ಹೂಂ ಎಂದೆ. ಇಲ್ಲ ಎಂದರೆ ಬೇರೆಯವರನ್ನು ಕೇಳುತ್ತಾರೆ ಎಂಬ ಲೆಕ್ಕ ಅಷ್ಟು ಬೇಗ ನನ್ನ ತಲೆಯಲ್ಲಿ ಮುಗಿದಿತ್ತು. ಚಿತ್ರಗಳು ಬಂದವು. ನನ್ನ ಚಾನೆಲ್‌ನಿಂದ ನಾನು ಅಳಿಸಿದ್ದ ಮಾತನ್ನು ಅವನು ಫೋಟೊ ತೆಗೆದು ಇಟ್ಟುಕೊಂಡಿದ್ದ. ಮಾಡಿ ತೋರಿಸು ತಮ್ಮಾ. ನಗುವ ಮುಖದ ಸಮೇತ.

“ವಾಟ್ ಈಸ್ ದಿಸ್ ಒನ್, ಮೇಡಂ?” ಎಂದು ಅವರು ಫೋನಿನಲ್ಲಿ ಕಾಯುತ್ತಿದ್ದರು.

“ಜಸ್ಟ್ ಫ್ಯಾನ್ ಟಾಕ್, ಸರ್,” ಎಂದೆ. “ಹಿ ಲೈಕ್ಸ್ ದ ಶೋ. ದೇ ಆರ್ ಥ್ಯಾಂಕಿಂಗ್ ಹಿಮ್.”

ಚಾನೆಲ್ ಯಾರದು ಎಂದರು. ಕರ್ನಾಟಕದಲ್ಲಿ ಎಲ್ಲೋ ಇರಬೇಕು, ಇಂಥವು ನೂರಾರು ಎಂದೆ. ಉಳಿದ ಚಿತ್ರಗಳನ್ನು ಪ್ರಾಮಾಣಿಕವಾಗಿ ಓದಿ ಹೇಳಿದೆ, ಹಾಡಿನ ಸಾಲು, ಹಬ್ಬದ ಶುಭಾಶಯ, ಯಾವುದೋ ಕಾಲೇಜಿನ ನೆನಪು. ಸುಳ್ಳಿನ ಪಕ್ಕ ನಿಜ ಇಟ್ಟರೆ ಸುಳ್ಳು ಕಾಣುವುದಿಲ್ಲ. ವೆರಿ ಹೆಲ್ಪ್‌ಫುಲ್ ಮೇಡಂ ಎಂದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಅದು ನಾನು. ನನ್ನ ಮಾತು ಅವರ ಕಡತದಲ್ಲಿ ಹಾಗೇ ಉಳಿಯಿತು. ಒಂಟಿತನದಿಂದ ಬುದ್ಧಿ ಕೆಟ್ಟು, ಇದ್ದಕ್ಕಿದ್ದಂತೆ ಮಾಡಿದ್ದು, ಮೊದಲೇ ಯಾರಿಗೂ ಸುಳಿವಿರಲಿಲ್ಲ ಎಂದು ಎಲ್ಲರೂ ನಂಬಿದರು. ಅವನನ್ನು ಮಾನಸಿಕ ಆಸ್ಪತ್ರೆಯಲ್ಲಿಟ್ಟರು.

ಆ ವಾರವೇ ನೀನು ಕೇಳಿದೆ. “ಅಕ್ಕ, ಅವನು ಒಬ್ಬರಿಗಾದ್ರೂ ಮೊದ್ಲೇ ಹೇಳಿದ್ನಾ? ಯಾರಿಗಾದ್ರೂ ಗೊತ್ತಿತ್ತಾ? ಗೊತ್ತಿದ್ದೂ ಯಾರೂ ಏನೂ ಮಾಡ್ಲಿಲ್ಲ ಅಂದ್ರೆ ನಾನು ತಡ್ಕಳಾಕಾಗಲ್ಲ. ಗೊತ್ತೇ ಇರ್ಲಿಲ್ಲ ಅಂದ್ರೆ ಹಣೆಬರಾ ಅಂತ ಸುಮ್ನಾಗ್ತೀನಿ.”

“ಯಾರಿಗೂ ಹೇಳಿಲ್ಲಮ್ಮ. ನಾನೇ ಓದೀನಲ್ಲ,” ಎಂದೆ.

ನೀನು ಬಿಟ್ಟ ನಿಟ್ಟುಸಿರು ಕೇಳಿಸಿತು. ಆ ನೆಮ್ಮದಿಯನ್ನು ನಿನಗೆ ಕೊಟ್ಟೆನೆಂದು ಕೆಲವು ದಿನ ನನ್ನನ್ನೇ ನಾನು ಮೆಚ್ಚಿಕೊಂಡದ್ದೂ ಉಂಟು.

ಇಲ್ಲಿಗೆ ನಿಂತಿದ್ದರೆ ಅದು ಹೇಡಿಯ ಕಥೆಯಾಗುತ್ತಿತ್ತು. ನಿಲ್ಲಲಿಲ್ಲ. ಊರಿನ ಚಾನೆಲ್‌ಗಳೆಲ್ಲ ಅವನ ಮುಖ ತೋರಿಸುತ್ತಿದ್ದವು, ಅಕ್ಕಾ ನೀವೇಕೆ ಸುಮ್ಮನಿದ್ದೀರಿ ಎಂದು ನನ್ನ ನೋಡುಗರು ಕೇಳುತ್ತಿದ್ದರು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಂಡೆ, ಸುಮ್ಮನಿದ್ದರೆ ಅನುಮಾನ ಬರುತ್ತದೆ ಎಂದುಕೊಂಡೆ. ಅದು ನೆಪ. ಆಸೆಯಿತ್ತು. ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು, ನಿನ್ನಿಂದ. ಉರಿಯುವ ಮನೆಯಲ್ಲಿ ಗಳ ಹಿರಿದೆ. ಮಂಜುನಾಥನ ಕೊನೆಯ ಮಾತಿಗೆ ಮೊದಲ ಭಾಗ ನಿಲ್ಲಿಸಿ, ಮುಂದೇನಾಯಿತು ಎಂದು ಒಂದು ವಾರ ಕಾಯಿಸಿದೆ. ಜನ ಕಾದರು, ಸುನೀತಾ. ನಿನ್ನ ಗಂಡ ಗ್ರಿಲ್ಲಿಗೆ ಬೆನ್ನುಕೊಟ್ಟು ನಿಂತಿದ್ದ, ಜನ ಟೀ ಕುಡಿಯುತ್ತ ಮುಂದಿನ ವಾರಕ್ಕೆ ಕಾದರು. ಅವನ ಹೆಸರನ್ನು, ಆ ಹುಡುಗನ ಹೆಸರನ್ನು, ಮತ್ತೆ ಅದೇ ದನಿಯಲ್ಲಿ ಹೇಳಿದೆ. ಎರಡು ಎಪಿಸೋಡ್ ಮಾಡಿದೆ. ಕೊಟ್ಟ ಮಾತನ್ನು ಉಳಿಸಿಕೊಂಡೆ.

ಇರ್ಫಾನ್ ಮೊದಲ ಭಾಗ ಕೇಳಿ ಒಂದೇ ಪ್ರಶ್ನೆ ಕೇಳಿದರು. “ಆ ಹೆಣ್ಣಮಗಳನ್ನ ಕೇಳಿ ಮಾಡೀಯೇನು?” ಹೂಂ ಎಂದೆ. ನೀನು ಆಗ ಫೋನಿನ ಪರದೆಯನ್ನೇ ನೋಡಲಾಗದ ಸ್ಥಿತಿಯಲ್ಲಿದ್ದೆ, ನನಗದು ಗೊತ್ತಿತ್ತು.

ವಿಮಾನಗಳು ಹಾರತೊಡಗಿದವು, ನೀನು ದಾವಣಗೆರೆಗೆ ಹೋದೆ. ಹಬ್ಬಕ್ಕೊಮ್ಮೆ ನಿನ್ನ ಫೋನ್ ಬರುತ್ತಿತ್ತು, ಈದ್‌ಗೆ ನೀನೇ ಮೊದಲು ಮಾಡುತ್ತಿದ್ದೆ. ಹೋದ ವರ್ಷ ಎರಡನೆಯ ಭಾಗದ ಕೆಳಗೆ ಊರಿನ ಕಡೆಯ ಒಬ್ಬ ಹುಡುಗ ಬರೆದ: “ಅಕ್ಕಾ, ಅವನಿಗೆ ಎರಡು ಭಾಗ ಮಾಡಿದಿರಿ. ನನಗೆ ಎಷ್ಟು?” ಎಲ್ಲರೂ ನಕ್ಕಿದ್ದರು. ಊರಿನಲ್ಲಿ ಪೊಲೀಸಿನಲ್ಲಿರುವ ನಮ್ಮ ಮಾವನ ಮಗನಿಗೆ ಅಂದೇ ಫೋನ್ ಮಾಡಿದೆ. ಹುಡುಗನನ್ನು ಹುಡುಕಿ ಅವನ ಕೋಣೆಗೆ ಹೋದರು. ಮಂಚದ ಕೆಳಗೆ ಮಸೆದ ಕುಡುಗೋಲಿತ್ತು, ಹೊಸ ಬೀಗವಿತ್ತು, ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ. ಯಾರನ್ನು, ಎಲ್ಲಿ ಎಂದು ಅವನು ಇನ್ನೂ ನಿರ್ಧರಿಸಿರಲಿಲ್ಲವಂತೆ. ಹೇಗೆ ಎಂದು ಮಾತ್ರ ಗೊತ್ತಿತ್ತು.

ಇದನ್ನು ಹೇಳಿ ಪುಣ್ಯ ಕಟ್ಟಿಕೊಳ್ಳುತ್ತಿಲ್ಲ. ಒಂದು ಫೋನ್ ಕರೆಯಿಂದ ಆಗುವ ಕೆಲಸ ಅದಾಗಿತ್ತು ಎಂದು ಅಂದು ನನಗೆ ತಿಳಿಯಿತು, ಅಷ್ಟೇ. ಪುಚೊಂಗ್‌ನಲ್ಲೂ ಅಷ್ಟರಿಂದಲೇ ಆಗುತ್ತಿತ್ತು.

ಚಾನೆಲ್ ಮುಚ್ಚಿದ್ದೇನೆ. ಆದರೆ ಯಾರುಯಾರೋ ಇಳಿಸಿಕೊಂಡು ಮತ್ತೆ ಹಾಕಿದ್ದಾರೆ, ನನ್ನ ದನಿ ಇನ್ನೂ ಅಲ್ಲಿ ಇಲ್ಲಿ ಆ ಹೆಸರುಗಳನ್ನು ಹೇಳುತ್ತಲೇ ಇದೆ, ಅದನ್ನು ನಾನು ನಿಲ್ಲಿಸಲಾರೆ. ಇರ್ಫಾನ್‌ಗೆ ಎಲ್ಲವನ್ನೂ ಹೇಳಿದೆ. ಆ ಅಧಿಕಾರಿಯನ್ನು ಕಂಡು, ಓದದೆ ಬಿಟ್ಟದ್ದನ್ನು ಓದಿ ಹೇಳಿ ಸಹಿ ಹಾಕಿದ್ದೇನೆ. ಪ್ರಕರಣವನ್ನು ಮತ್ತೆ ತೆರೆಯುತ್ತಾರೆ, ನನ್ನ ಮೇಲೂ ಬೇರೆ ಪ್ರಕರಣವಾಗಬಹುದು, ಆಗಲಿ. ನಿನ್ನನ್ನೂ ಕರೆಸುತ್ತಾರೆ. ಪೊಲೀಸರಿಂದ ನಿನಗೆ ತಿಳಿಯುವ ಮುಂಚೆ ನನ್ನಿಂದ ತಿಳಿಯಲಿ ಎಂದು ಈ ಬರಹ.

ಇಷ್ಟು ಬರೆದು ಮುಗಿಸಿ, ಓದಿ, ಸರಿಯಾಗಿದೆ ಎಂದುಕೊಂಡೆ. ಸರಿಯಾಗಿಲ್ಲ. ಮೇಲೆ ಒಂದು ಕಡೆ ಮತ್ತೆ ಸುಳ್ಳು ಬರೆದಿದ್ದೇನೆ — ನನ್ನ ಆ ಮಾತಿನ ನಂತರ ಅವನು ಏನೂ ಬರೆಯಲಿಲ್ಲ ಎಂದು. ಅದನ್ನು ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ನಾನು ಎಂಥವಳೆಂದು ನಿನಗೆ ಕಾಣಲಿ.

ಬರೆದಿದ್ದ. ಆ ಸಂಜೆಯ ಹಿಂದಿನ ದಿನ: “ಅಕ್ಕಾ, ಬೀಗ ತಂದಿದ್ದೇನೆ. ನಾಳೆ ಸಂಜೆ, ನಮ್ಮ ಮಹಡಿಗೆ ಊಟದ ಆಂಟಿ ಬರುವ ಹೊತ್ತಿಗೆ. ಎರಡು ಎಪಿಸೋಡ್ ಅಂದಿದ್ದೀರಿ, ಮರೆಯಬೇಡಿ.” ಅದರ ಕೆಳಗೆ ನಾನೊಂದು ಕೆಂಪು ಹೃದಯದ ಗುರುತು ಒತ್ತಿದ್ದೆ. ಆಮೇಲೆ ನನ್ನ ಮಾತಿನ ಜೊತೆಗೇ ಅದನ್ನೂ ಅಳಿಸಿದ್ದೆ. ಅಧಿಕಾರಿಗೆ ಇದನ್ನೂ ಹೇಳಿದ್ದೇನೆ. ಓದಿರಲಿಲ್ಲ, ರಾಶಿರಾಶಿ ಬರುತ್ತವೆ, ಎಲ್ಲದಕ್ಕೂ ಸುಮ್ಮನೆ ಒತ್ತುತ್ತ ಹೋಗುತ್ತೇವೆ ಎಂದು ಅವರಿಗೆ ಹೇಳಿದೆ. ಅವರು ಹಾಗೆಯೇ ಬರೆದುಕೊಂಡರು. ಅದನ್ನು ತಿದ್ದಲು ನಾಳೆ ಮತ್ತೆ ಹೋಗುತ್ತೇನೆ.

ನೀನು ಕೇಳಿದ್ದೆ, ಅವನು ಒಬ್ಬರಿಗಾದರೂ ಮೊದಲೇ ಹೇಳಿದ್ದನಾ ಎಂದು. ಹೇಳಿದ್ದ, ಸುನೀತಾ. ನನಗೆ ಹೇಳಿದ್ದ. ನಾನು ಅದನ್ನು ಎರಡು ಸಲ ಓದಿದ್ದೆ.